ಕಲಬುರಗಿಯ ಉಗಿಬಂಡಿಯೂ ಕಮಲಾಪುರದ ಮೋಟಾರುಬಂಡಿಯೂ

೧

ದೇಶಚರಿತ್ರೆಯನ್ನು ಬರೆಯುವವರು ಶಾಸನ, ನಾಣ್ಯ, ಕೈಫಿಯತ್ತು, ಸರಕಾರಿ ಕಡತ ಇವುಗಳನ್ನು ಆಧಾರವಾಗಿ ಹಿಡಿಯುವುದು ವಾಡಿಕೆ. ರೈಲು ನಿಲ್ದಾಣದ ಹೆಸರುಹಲಗೆ, ಬಸ್ಸಿನ ನೋಂದಣಿಯ ಒಂದಕ್ಷರ, ನಿಲ್ದಾಣದ ಗಡಿಯಾರಕ್ಕೂ ಊರಿನ ಹೊತ್ತಿಗೂ ಇದ್ದ ಕೆಲವು ನಿಮಿಷಗಳ ಅಂತರ, ಪ್ರಯಾಣಿಕರ ಬಾಯಲ್ಲಿ ಉಳಿದುಬಂದ ನಾಲ್ಕು ಮಾತು, ಇವು ಬಿಡುವಿನ ಹರಟೆಗೆ ಸಲ್ಲುವ ಸಂಗತಿಗಳೆಂದೇ ಎಣಿಸಲ್ಪಟ್ಟಿವೆ. ಆದರೆ ಕಲಬುರಗಿ ಪ್ರಾಂತದ ಮಟ್ಟಿಗೆ ಈ ಅಲ್ಪ ಸಂಗತಿಗಳನ್ನು ಕೈಬಿಟ್ಟರೆ ಒಂದು ದೊಡ್ಡ ಸಂಗತಿಯೇ ಕೈತಪ್ಪಿ ಹೋಗುವುದು. ಈ ಪ್ರಾಂತವು ನಿಜಾಮರ ರಾಜ್ಯದಲ್ಲಿದ್ದಿತು. ಅದರ ಮೇಲೆ ಹಾಸಿದ ಮೊದಲ ಹಳಿ ಬ್ರಿಟಿಷ್ ಕಂಪನಿಯದು. ಅದರಲ್ಲಿ ಓಡಿದ ಸರಕಾರಿ ಬಸ್ಸು ನಿಜಾಮರ ರೈಲು ಇಲಾಖೆಯದು. ೧೯೫೬ರಿಂದೀಚೆಗೆ ಅದು ಮೈಸೂರು ರಾಜ್ಯದ, ಎಂದರೆ ಇಂದಿನ ಕರ್ನಾಟಕದ, ಅಂಗ. ಹೀಗೆ ಹಲವು ಆಡಳಿತಗಳ ಕೈ ದಾಟಿಬಂದ ನಾಡಿನಲ್ಲಿ ಒಂದೊಂದು ಆಡಳಿತವೂ ತನ್ನ ಗುರುತನ್ನು ದೊಡ್ಡ ಕಟ್ಟಡಗಳಲ್ಲಿ ಬಿಟ್ಟಂತೆ ಚಿಕ್ಕ ವಸ್ತುಗಳಲ್ಲಿಯೂ ಬಿಟ್ಟುಹೋಗಿದೆ.

ಆ ಗುರುತುಗಳನ್ನೆಲ್ಲ ಒಂದೆಡೆ ಇಟ್ಟು ನೋಡಿದರೆ ಕಾಣುವ ವಿಷಯ ಇಷ್ಟು: ರೈಲು ಈ ನಾಡಿನ ಮೇಲೆ ಹಾದುಹೋಯಿತು, ಬಸ್ಸು ಈ ನಾಡಿನೊಳಕ್ಕೆ ಬಂದಿತು. ಮೊದಲನೆಯದು ದೂರದ ಎರಡು ಬಂದರುಗಳನ್ನು ಕೂಡಿಸುವುದಕ್ಕಾಗಿ ಹುಟ್ಟಿದುದು. ಎರಡನೆಯದು ಮೊದಲನೆಯದು ಮುಟ್ಟದೆ ಬಿಟ್ಟ ಊರುಗಳಿಗಾಗಿ ಹುಟ್ಟಿದುದು. ಇದಕ್ಕೆ ಸ್ಪಷ್ಟವಾದ ನಿದರ್ಶನ ಕಮಲಾಪುರ. ಹಂಪೆಯ ನೆರೆಯಲ್ಲಿರುವ ಕಮಲಾಪುರವಲ್ಲ. ಕಲಬುರಗಿಯಿಂದ ಈಶಾನ್ಯಕ್ಕೆ ಹುಮನಾಬಾದಿನ ದಾರಿಯಲ್ಲಿ ೪೦ ಕಿಲೋಮೀಟರಿಗೆ ತುಸು ಕಡಮೆ ದೂರದಲ್ಲಿರುವ, ಕೆಂಪು ಬಾಳೆಗೆ ಹೆಸರಾದ ಕಮಲಾಪುರ. ಕಲಬುರಗಿಯ ಮೇಲೆ ಹಾದ ರೈಲುದಾರಿ ರಾಯಚೂರಿನವರೆಗೆ ಪೂರ್ಣವಾದುದು ೧೮೭೧ರಲ್ಲಿ. ಕಮಲಾಪುರಕ್ಕೆ ರೈಲು ಬಂದುದು ೨೦೧೭ರಲ್ಲಿ. ಈ ೧೪೬ ವರ್ಷಗಳ ಅಂತರವನ್ನು ತುಂಬಿದುದು ರಸ್ತೆ; ಅದರ ಮೇಲೆ ಮೊದಲು ಎತ್ತಿನ ಬಂಡಿ, ಅನಂತರ ಮೋಟಾರುಬಂಡಿ.

೨

ಭಾರತದ ಪ್ರಥಮ ಪ್ರಯಾಣಿಕರ ರೈಲು ೧೮೫೩ನೆಯ ಇಸವಿ ಏಪ್ರಿಲ್ ೧೬ರಂದು ಮುಂಬಯಿಯಿಂದ ಠಾಣೆಗೆ ನಡೆಯಿತು. ಅದನ್ನು ನಡೆಸಿದ ‘ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ’ ಎಂಬ ಕಂಪನಿಯೇ ಆಗ್ನೇಯ ದಿಕ್ಕಿಗೆ ಹಳಿಯನ್ನು ಬೆಳೆಸಿ ೧೮೬೦ರಲ್ಲಿ ಸೊಲ್ಲಾಪುರವನ್ನು ಮುಟ್ಟಿತು. ಸಹ್ಯಾದ್ರಿಯ ಬೋರಘಾಟದ ಏರುದಾರಿ ಮುಗಿದುದು ೧೮೬೩ರಲ್ಲಿ. ಎಂದರೆ ಘಟ್ಟದ ಮೇಲಿನ ಹಳಿ ಸೊಲ್ಲಾಪುರದವರೆಗೆ ಸಿದ್ಧವಾಗಿದ್ದರೂ ಮುಂಬಯಿಗೆ ಅಖಂಡವಾಗಿ ಕೂಡುವುದಕ್ಕೆ ಮತ್ತೆ ಮೂರು ವರ್ಷ ಕಾಯಬೇಕಾಯಿತು. ಬಳಿಕ ಸೊಲ್ಲಾಪುರದಿಂದ ಮುಂದುವರಿದ ದಾರಿ ಕಲಬುರಗಿ, ಶಹಾಬಾದ, ವಾಡಿ, ಯಾದಗಿರಿಗಳ ಮೇಲೆ ಹಾಯ್ದು, ಕೃಷ್ಣಾನದಿಯನ್ನು ಸೇತುವೆಯಿಂದ ದಾಟಿ, ೧೮೭೧ರಲ್ಲಿ ರಾಯಚೂರನ್ನು ಸೇರಿತು. ಮದರಾಸಿನ ಕಡೆಯಿಂದ ಬಂದ ಮದರಾಸು ರೈಲ್ವೆಯೂ ಅಲ್ಲಿಯೇ ಅದಕ್ಕೆ ಎದುರಾಗಿ ಬಂದು ಕೂಡಿತು. ಮುಂಬಯಿಗೂ ಮದರಾಸಿಗೂ ಟಪಾಲು, ಸರಕು, ಸೈನ್ಯ ಸಾಗುವುದಕ್ಕೆ ದಾರಿಯಾಯಿತು. ಆ ದಾರಿಯ ನಡುವೆ ಬಿದ್ದುದು ಕಲಬುರಗಿಯ ಭಾಗ್ಯ. ಕಲಬುರಗಿಗಾಗಿ ಅದು ಬಂದುದಲ್ಲ.

ನಿಜಾಮರ ರಾಜಧಾನಿಯನ್ನು ಈ ದಾರಿ ಮುಟ್ಟಲಿಲ್ಲ. ಅದಕ್ಕಾಗಿ ಸಂಸ್ಥಾನದ ಹಣದಿಂದ ವಾಡಿಯಿಂದ ಸಿಕಂದರಾಬಾದಿಗೆ ಬೇರೊಂದು ಹಳಿಯನ್ನು ಹಾಕಿಸಲಾಯಿತು. ಅದು ತೆರೆದುದು ೧೮೭೪ರಲ್ಲಿ. ಅಂದಿನಿಂದ ವಾಡಿ ಎಂಬ ಚಿಕ್ಕ ಊರು ಎರಡು ರೈಲು ಆಡಳಿತಗಳು ಕೈಕೂಡಿಸುವ ಸಂಧಿಸ್ಥಾನವಾಯಿತು. ವಾಡಿ ಎಂದರೆ ಹಟ್ಟಿ, ಸಣ್ಣ ಹಳ್ಳಿ. ಹೆಸರಿನಲ್ಲಿಯೇ ಸಣ್ಣತನವನ್ನು ಹೊತ್ತ ಊರು ದಕ್ಷಿಣಾಪಥದ ವೇಳಾಪಟ್ಟಿಗಳಲ್ಲೆಲ್ಲ ದಪ್ಪಕ್ಷರದಲ್ಲಿ ಮುದ್ರಿತವಾಗುವಂತಾದುದು ರೈಲಿನ ಮಹಿಮೆ.

ಇದೇ ರೈಲು ಕನ್ನಡ ನಾಡನ್ನು ಹೇಗೆ ಕೂಡಿಸಲಿಲ್ಲ ಎಂಬುದನ್ನೂ ನೋಡಬೇಕು. ಮುಂಬಯಿ–ರಾಯಚೂರು ದಾರಿಯ ಹಳಿಗಳ ಅಂತರ ಐದೂವರೆ ಅಡಿ. ೧೮೮೪ರಲ್ಲಿ ಹೋಟಗಿಯಿಂದ ವಿಜಾಪುರದ ಮೇಲೆ ಗದಗಿಗೆ ಬಂದ ದಕ್ಷಿಣ ಮರಾಠಾ ರೈಲ್ವೆಯದು ಮೀಟರಿನ ಅಗಲದ ಕಿರಿದು ಹಳಿ. ಗುಂತಕಲ್ಲಿನಿಂದ ಬೆಂಗಳೂರಿಗೆ ಹೋಗುವ ಹಳಿಯೂ ಅದೇ ಅಗಲದ್ದು. ಆದುದರಿಂದ ಕಲಬುರಗಿಯಿಂದ ಧಾರವಾಡಕ್ಕೆ ರೈಲಿನಲ್ಲಿ ಹೋಗಬೇಕಾದವನು ಸೊಲ್ಲಾಪುರದ ಸೀಮೆಯ ಹೋಟಗಿಗೆ ಹೋಗಿ ಗಾಡಿ ಬದಲಿಸಬೇಕಾಗಿದ್ದಿತು. ಬೆಂಗಳೂರಿಗೆ ಹೋಗಬೇಕಾದವನು ಗುಂತಕಲ್ಲಿನಲ್ಲಿ ಗಂಟುಮೂಟೆ ಇಳಿಸಬೇಕಾಗಿದ್ದಿತು. ಕನ್ನಡದ ಮೂರು ಪ್ರಾಂತಗಳ ನಡುವೆ ರಾಜಕೀಯದ ಗಡಿಗಳಿದ್ದಂತೆ ಹಳಿಯ ಅಗಲದ ಗಡಿಗಳೂ ಇದ್ದುವು. ೧೯೨೮ರಲ್ಲಿ ಬಿ. ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಕಲಬುರಗಿಯಲ್ಲಿ ಸಾಹಿತ್ಯ ಸಮ್ಮೇಳನ ನಡೆದಾಗಲೂ, ೧೯೪೯ರಲ್ಲಿ ಉತ್ತಂಗಿ ಚನ್ನಪ್ಪನವರ ಅಧ್ಯಕ್ಷತೆಯಲ್ಲಿ ಮತ್ತೆ ಅಲ್ಲಿಯೇ ನೆರೆದಾಗಲೂ ರೈಲಿನ ಸ್ಥಿತಿ ಹೀಗೆಯೇ ಇದ್ದಿತು. ಗುಂತಕಲ್–ಬೆಂಗಳೂರು ಹಳಿ ಅಗಲವಾದುದು ೧೯೮೦ರ ದಶಕದಲ್ಲಿ; ಹೋಟಗಿ–ಗದಗು ಹಳಿ ಅಗಲವಾದುದು ಈ ಶತಮಾನದ ಮೊದಲ ದಶಕದಲ್ಲಿ. ಏಕೀಕರಣವು ಭೂಪಟದಲ್ಲಿ ೧೯೫೬ರಲ್ಲಿಯೇ ಆಯಿತು. ಹಳಿಯ ಮೇಲೆ ಅದು ಪೂರ್ಣವಾಗಲು ಮತ್ತೆ ಅರ್ಧ ಶತಮಾನ ಹಿಡಿಯಿತು.

೩

ಹಳಿಯ ಕೆಳಗಿನ ನೆಲ ಯಾರದು? ಈ ಪ್ರಶ್ನೆಯೂ ಅಂದು ಸುಲಭದ್ದಾಗಿರಲಿಲ್ಲ. ದೇಶೀಯ ಸಂಸ್ಥಾನಗಳಲ್ಲಿ ಹಾದ ರೈಲುದಾರಿಗಳ ನೆಲದ ಮೇಲಿನ ನ್ಯಾಯಾಧಿಕಾರವನ್ನು ಬ್ರಿಟಿಷ್ ಸರಕಾರವು ಒಪ್ಪಂದಗಳ ಮೂಲಕ ಪಡೆದುಕೊಳ್ಳುತ್ತಿದ್ದಿತು. ಊರು ನಿಜಾಮರದು, ಊರಿನ ನಾಣ್ಯ ನಿಜಾಮರದು, ಅಂಚೆ ನಿಜಾಮರದು. ನಿಲ್ದಾಣದ ಕಟ್ಟೆಯನ್ನೇರಿದೊಡನೆ ಮತ್ತೊಂದು ಸರಕಾರದ ಕಾಯಿದೆ. ಇದರ ಎಲ್ಲೆಯನ್ನು ಗೊತ್ತುಮಾಡಿದುದು ಒಂದು ಪ್ರಸಿದ್ಧ ಮೊಕದ್ದಮೆ. ಸಿಮ್ಲಾದಲ್ಲಿ ನಡೆದುದೆಂದು ಹೇಳಲಾದ ಅಪರಾಧಕ್ಕಾಗಿ ಅಲ್ಲಿಯ ಮ್ಯಾಜಿಸ್ಟ್ರೇಟರ ವಾರಂಟಿನ ಮೇಲೆ ನಿಜಾಮರ ಪ್ರಜೆಯೊಬ್ಬನನ್ನು ವಾಡಿ–ಸಿಕಂದರಾಬಾದು ದಾರಿಯ ಶಂಕರಪಲ್ಲಿ ನಿಲ್ದಾಣದಲ್ಲಿ ಹಿಡಿದರು. ಮೊಕದ್ದಮೆ ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೆ ಹೋಯಿತು. ೧೮೯೭ರಲ್ಲಿ ಆ ನ್ಯಾಯಸ್ಥಾನವು ಬಂಧನವು ಕಾಯಿದೆಗೆ ಸಮ್ಮತವಾದುದಲ್ಲವೆಂದು ತೀರ್ಮಾನಿಸಿತು. ರೈಲುನೆಲದ ಮೇಲೆ ಬ್ರಿಟಿಷರಿಗಿದ್ದ ಅಧಿಕಾರ ರೈಲಿನ ಆಡಳಿತಕ್ಕೆ ಸಂಬಂಧಪಟ್ಟಷ್ಟೇ. ಉಳಿದಂತೆ ಆ ನೆಲ ನಿಜಾಮರ ರಾಜ್ಯವೇ, ಎಂಬುದು ಅದರ ತಾತ್ಪರ್ಯ. ಕೆಲವೇ ಮಾರು ಅಗಲದ ಪಟ್ಟಿಯಂಥ ನೆಲಕ್ಕಾಗಿ ಎರಡು ಸರಕಾರಗಳ ಒಡೆತನ ಇಷ್ಟು ಸೂಕ್ಷ್ಮವಾಗಿ ತೂಗಲ್ಪಟ್ಟಿತು.

ನೆಲದಂತೆ ಹೊತ್ತೂ ಪರರದಾಗಿದ್ದಿತು. ಪ್ರತಿಯೊಂದು ಊರೂ ತನ್ನ ನೆತ್ತಿಯ ಮೇಲಿನ ಸೂರ್ಯನನ್ನು ನೋಡಿ ನಡುಹಗಲನ್ನು ಎಣಿಸುತ್ತಿದ್ದ ಕಾಲದಲ್ಲಿ, ೧೮೭೦ರ ಸುಮಾರಿನಿಂದ ಭಾರತದ ರೈಲುಗಳು ಮದರಾಸಿನ ವೇಳೆಯನ್ನು ಅನುಸರಿಸತೊಡಗಿದುವು. ಮದರಾಸಿನ ರೇಖಾಂಶ ೮೦ ಅಂಶ ೧೫ ಕಲೆ. ಕಲಬುರಗಿಯದು ಸುಮಾರು ೭೬ ಅಂಶ ೫೦ ಕಲೆ. ಒಂದು ಅಂಶಕ್ಕೆ ನಾಲ್ಕು ನಿಮಿಷದಂತೆ ಲೆಕ್ಕ ಹಾಕಿದರೆ ಕಲಬುರಗಿಯ ನಡುಹಗಲಿನಲ್ಲಿ ನಿಲ್ದಾಣದ ಗಡಿಯಾರ ೧೨ ಗಂಟೆ ೧೪ ನಿಮಿಷವನ್ನು ತೋರಿಸುತ್ತಿರಬೇಕು. ಊರಿನ ಹೊತ್ತನ್ನು ನಂಬಿ ಸರಿಯಾದ ಸಮಯಕ್ಕೆ ಹೊರಟವನಿಗೆ ಗಾಡಿ ತಪ್ಪುವುದಕ್ಕೆ ಈ ೧೪ ನಿಮಿಷ ಸಾಕು. ೧೯೦೬ನೆಯ ಇಸವಿ ಜನವರಿ ೧ರಿಂದ ಭಾರತಕ್ಕೆಲ್ಲ ಒಂದೇ ಪ್ರಮಾಣವೇಳೆ ಗೊತ್ತಾದಾಗ ಈ ಅಂತರ ಕುಗ್ಗಲಿಲ್ಲ, ಸುಮಾರು ೨೩ ನಿಮಿಷಕ್ಕೆ ಬೆಳೆಯಿತು. ಆದರೆ ಅಷ್ಟರಲ್ಲಿ ಗಡಿಯಾರವೇ ಪ್ರಮಾಣವೆಂಬ ಭಾವನೆ ಬೇರೂರುತ್ತಿದ್ದಿತು. ಸೂರ್ಯನ ಹೊತ್ತು, ಜಾವ, ಗಳಿಗೆಗಳ ಲೆಕ್ಕ ಕ್ರಮೇಣ ಪಂಚಾಂಗಕ್ಕೆ ಸೀಮಿತವಾಯಿತು.

೪

ರೈಲು ತಾನು ಎಲ್ಲಿಗೆ ಹೋಗುವುದಿಲ್ಲವೆಂಬುದನ್ನು ತನ್ನ ಹೆಸರುಹಲಗೆಗಳ ಮೇಲೆ ತಾನೇ ಬರೆದುಕೊಂಡಿದೆ. ಸೊಲ್ಲಾಪುರ–ಕಲಬುರಗಿಗಳ ನಡುವೆ ‘ಅಕ್ಕಲಕೋಟ ರೋಡ್’, ‘ಗಾಣಗಾಪುರ ರೋಡ್’ ಎಂಬ ನಿಲ್ದಾಣಗಳಿವೆ. ವಾಡಿಯಿಂದ ಸಿಕಂದರಾಬಾದಿನ ದಾರಿಯಲ್ಲಿ ‘ಮಳಖೇಡ ರೋಡ್’ ಇದೆ. ಹೆಸರಿನ ಬಾಲಕ್ಕೆ ‘ರೋಡ್’ ಎಂಬ ಮಾತನ್ನು ಹಚ್ಚುವುದು ಬ್ರಿಟಿಷ್ ರೈಲು ಕಂಪನಿಗಳು ತಮ್ಮ ದೇಶದಿಂದ ತಂದ ರೂಢಿ. ಊರು ಇಲ್ಲಿಲ್ಲ, ಊರಿಗೆ ಹೋಗುವ ರಸ್ತೆ ಇಲ್ಲಿದೆ, ಎಂಬುದು ಅದರ ಅರ್ಥ. ದತ್ತಾತ್ರೇಯನ ಕ್ಷೇತ್ರವಾದ ದೇವಲ ಗಾಣಗಾಪುರಕ್ಕೆ ಹೋಗುವ ಭಕ್ತನು ‘ಗಾಣಗಾಪುರ’ ಎಂದು ಬರೆದ ಟಿಕೀಟನ್ನು ಕೊಂಡು ಇಳಿದ ಮೇಲೆ ಭೀಮಾ–ಅಮರಜಾ ನದಿಗಳ ಸಂಗಮವನ್ನು ಕಾಣಬೇಕಾದರೆ ಇನ್ನೂ ಹರದಾರಿಗಟ್ಟಲೆ ನಡೆಯಬೇಕು, ಇಲ್ಲವೆ ಬೇರೆ ವಾಹನವನ್ನು ಹಿಡಿಯಬೇಕು. ‘ಕವಿರಾಜಮಾರ್ಗ’ದ ಆಸ್ಥಾನವಾಗಿದ್ದ ಮಾನ್ಯಖೇಟಕ್ಕೂ ರೈಲು ಕೊಟ್ಟುದು ಇಷ್ಟೇ ಗೌರವ. ರಾಷ್ಟ್ರಕೂಟರ ರಾಜಧಾನಿಯ ಹೆಸರು ರೈಲಿನ ಪಟ್ಟಿಯಲ್ಲಿ ಒಂದು ‘ರೋಡ್’ ಆಗಿ ಉಳಿದಿದೆ.

ಸೊಲ್ಲಾಪುರದ ಆಚೆಯ ಕುರ್ಡುವಾಡಿಯೂ ಹಿಂದೆ ‘ಬಾರ್ಸಿ ರೋಡ್’ ಎನಿಸಿಕೊಂಡಿದ್ದಿತು. ಅಲ್ಲಿಂದ ಬಾರ್ಸಿಗೆ ೧೮೯೭ರಲ್ಲಿ ಎರಡೂವರೆ ಅಡಿ ಅಗಲದ ಕಿರುರೈಲನ್ನು ಹಾಕಿ ಆ ಕೊರತೆಯನ್ನು ನೀಗಿಸಿದರು. ಗಾಣಗಾಪುರ, ಮಳಖೇಡಗಳಿಗೆ ಅಂಥ ಕಿರುರೈಲು ಬರಲಿಲ್ಲ. ಕಮಲಾಪುರದ ಸ್ಥಿತಿ ಇನ್ನೂ ಒಂದು ಮೆಟ್ಟಲು ಕೆಳಗಿನದು. ಅದು ಮುಖ್ಯ ಹಳಿಯಿಂದ ಎಷ್ಟು ದೂರವಿದ್ದಿತೆಂದರೆ ಅದರ ಹೆಸರಿನ ‘ರೋಡ್’ ನಿಲ್ದಾಣವೂ ಹುಟ್ಟಲಿಲ್ಲ.

ರೈಲು ಕೆಲವು ಹೆಸರುಗಳನ್ನು ಕೆಡಿಸಿತು, ಕೆಲವನ್ನು ಮೆರೆಯಿಸಿತು. ಹಿಂದಿನ ಆಂಗ್ಲ ಬರೆಹಗಳಲ್ಲಿ ಕಲಬುರಗಿ ‘ಕುಲ್ಬರ್ಗಾ’ ಎಂದೂ ‘ಗುಲ್ಬರ್ಗಾ’ ಎಂದೂ ಕಾಣುತ್ತದೆ. ಎರಡನೆಯ ರೂಪವೇ ನೆಲೆನಿಂತು, ೨೦೧೪ರ ನವೆಂಬರ್ ೧ರಂದು ‘ಕಲಬುರಗಿ’ ಎಂಬ ಜನರ ಮಾತಿನ ರೂಪಕ್ಕೆ ಸರಕಾರದ ಮನ್ನಣೆ ದೊರೆಯುವವರೆಗೂ ನಡೆಯಿತು. ಇದಕ್ಕೆ ಬದಲಾಗಿ ಶಹಾಬಾದದ ಹೆಸರನ್ನು ರೈಲು ದೂರದೂರಕ್ಕೆ ಒಯ್ದಿತು. ಈ ಸೀಮೆಯ ಪದರುಪದರಾದ ಸುಣ್ಣಗಲ್ಲಿನ ಹಾಸುಬಂಡೆಗಳು ಎಲ್ಲಿಯ ಗಣಿಯಿಂದ ಬಂದರೂ ದೇಶದ ಅಂಗಡಿಗಳಲ್ಲಿ ‘ಶಹಾಬಾದಿ ಕಲ್ಲು’ ಎಂದೇ ಮಾರಾಟವಾಗುತ್ತವೆ. ಮೆಣಸು ಬೆಳೆದ ತೋಟದ ಹೆಸರನ್ನು ಬಿಟ್ಟು ಹಡಗೇರಿದ ಬಂದರಿನ ಹೆಸರನ್ನು ಹೊತ್ತಂತೆ, ಸರಕು ಗಾಡಿಯೇರಿದ ನಿಲ್ದಾಣದ ಹೆಸರನ್ನು ಹೊತ್ತಿತು.

೫

ರೈಲು ಮುಟ್ಟದ ಊರುಗಳಿಗೆ ರೈಲು ಇಲಾಖೆಯೇ ಬಸ್ಸನ್ನು ಕಳುಹಿಸುವ ಯೋಚನೆ ಮೊದಲು ಬೆಳೆದುದು ಇಂಗ್ಲೆಂಡಿನಲ್ಲಿ. ಅಲ್ಲಿಯ ಕಾರ್ನ್‌ವಾಲ್ ಪ್ರಾಂತದಲ್ಲಿ ಹೆಲ್‌ಸ್ಟನ್ ಎಂಬ ಊರಿನವರೆಗೆ ರೈಲು ಇದ್ದಿತು. ಅಲ್ಲಿಂದ ಲಿಜರ್ಡ್ ಎಂಬ ಭೂಶಿರದ ಹಳ್ಳಿಗೆ ಹಳಿ ಹಾಕುವುದು ದುಬಾರಿಯೆಂದು ಕಂಡಿತು. ಆಗ ಗ್ರೇಟ್ ವೆಸ್ಟರ್ನ್ ರೈಲ್ವೆ ಕಂಪನಿಯು ೧೯೦೩ನೆಯ ಇಸವಿ ಆಗಸ್ಟ್ ೧೭ರಂದು ಆ ದಾರಿಯಲ್ಲಿ ಮೋಟಾರುಬಸ್ಸುಗಳನ್ನು ಓಡಿಸಲಾರಂಭಿಸಿತು. ಮುಂದೆ ೧೯೨೮ರ ಕಾಯಿದೆಗಳಿಂದ ಬ್ರಿಟನ್ನಿನ ದೊಡ್ಡ ರೈಲು ಕಂಪನಿಗಳಿಗೆ ರಸ್ತೆಯ ಮೇಲೆಯೂ ವಾಹನ ನಡೆಸುವ ಅಧಿಕಾರ ಸ್ಪಷ್ಟವಾಗಿ ದೊರೆಯಿತು. ಆದರೆ ಅಲ್ಲಿಯ ಕಂಪನಿಗಳು ಬಹುಮಟ್ಟಿಗೆ ಖಾಸಗಿ ಬಸ್ಸಿನ ಸಂಸ್ಥೆಗಳಲ್ಲಿ ಪಾಲು ಕೊಳ್ಳುವುದರಲ್ಲಿಯೇ ತೃಪ್ತಿ ಹೊಂದಿದುವು.

ಹೈದರಾಬಾದು ಸಂಸ್ಥಾನ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಲಂಡನ್ನಿನಲ್ಲಿ ಕೂಡಿದ್ದ ಕಂಪನಿಯ ಕೈಯಲ್ಲಿದ್ದ ರೈಲನ್ನು ೧೯೩೦ರಲ್ಲಿ ಸಂಸ್ಥಾನವೇ ಕೊಂಡು ‘ನಿಜಾಮ್ಸ್ ಸ್ಟೇಟ್ ರೈಲ್ವೆ’ ಎಂದು ಹೆಸರಿಟ್ಟು ನಡೆಸತೊಡಗಿತು. ೧೯೩೨ರ ಜೂನಿನಲ್ಲಿ ಅದರ ಅಂಗವಾಗಿ ರಸ್ತೆ ಸಾರಿಗೆಯ ಶಾಖೆ ಹುಟ್ಟಿತು. ಅದರ ಆರಂಭದ ಬಂಡವಾಳ ೨೭ ಬಸ್ಸುಗಳು, ೧೬೬ ಮಂದಿ ನೌಕರರು. ಗ್ಲಾಸ್ಗೋ ನಗರದ ಆಲ್ಬಿಯನ್ ಕಾರ್ಖಾನೆಯಲ್ಲಿ ಹುಟ್ಟಿದ ಬಸ್ಸುಗಳು ದಖನಿನ ಕಪ್ಪುಮಣ್ಣಿನ ಸೀಮೆಯ ರಸ್ತೆಗಿಳಿದುವು. ಆ ಕಾಲದಲ್ಲಿ ಬ್ರಿಟಿಷ್ ಭಾರತದಲ್ಲಿ ರೈಲಿಗೂ ಖಾಸಗಿ ಮೋಟಾರುಗಳಿಗೂ ಪೈಪೋಟಿ ಬಲವಾಗಿ, ಅದರ ವಿಚಾರಣೆಗಾಗಿ ನೇಮಕವಾದ ಮಿಚೆಲ್–ಕರ್ಕ್‌ನೆಸ್ ಸಮಿತಿಯ ವರದಿ ೧೯೩೩ರಲ್ಲಿ ಪ್ರಕಟವಾಯಿತು. ನಿಜಾಮರ ಸರಕಾರವಾದರೋ ಆ ವರದಿಗಿಂತ ಮುಂಚೆಯೇ ರೈಲು, ಬಸ್ಸು ಎರಡನ್ನೂ ಒಂದೇ ಇಲಾಖೆಯ ಕೈಗೆ ಕೊಟ್ಟು ಪೈಪೋಟಿಯ ಬೇರನ್ನು ಕಿತ್ತಿತು. ಮೈಸೂರಿನಲ್ಲಿ ಸರಕಾರದ ರಸ್ತೆ ಸಾರಿಗೆ ಇಲಾಖೆ ೧೨೦ ಬಸ್ಸುಗಳೊಡನೆ ಆರಂಭವಾದುದು ೧೯೪೮ರ ಸೆಪ್ಟೆಂಬರ್ ೧೨ರಂದು. ಭಾರತದ ಸೈನ್ಯ ಹೈದರಾಬಾದು ಸಂಸ್ಥಾನವನ್ನು ಪ್ರವೇಶಿಸಿದುದು ಅದರ ಮರುದಿನ. ಹೀಗೆ ಮುಂದೆ ಒಂದಾಗಲಿದ್ದ ಎರಡು ನಾಡುಗಳಲ್ಲಿ ಒಂದರ ಬಸ್ಸು ರೈಲಿನ ಹೊಟ್ಟೆಯಲ್ಲಿ ಹುಟ್ಟಿ ೧೬ ವರ್ಷ ನಡೆದಿದ್ದಿತು. ಇನ್ನೊಂದರದು ಆಗತಾನೆ ಕಣ್ತೆರೆದಿದ್ದಿತು.

೧೯೫೧ರ ನವೆಂಬರಿನಲ್ಲಿ ತಾಯಿಮಕ್ಕಳು ಬೇರೆಯಾದರು. ಆ ತಿಂಗಳ ೧ರಂದು ಬಸ್ಸು ಹೈದರಾಬಾದು ರಾಜ್ಯ ಸರಕಾರದ ಇಲಾಖೆಯಾಯಿತು. ೫ರಂದು ನಿಜಾಮರ ರೈಲೂ ಹಿಂದಿನ ಪೆನಿನ್ಸುಲಾ ರೈಲ್ವೆಯೂ ಕೂಡಿ ಮಧ್ಯ ರೈಲ್ವೆ ಎಂಬ ಹೊಸ ವಲಯದಲ್ಲಿ ಲೀನವಾದುವು. ವಾಡಿಯಲ್ಲಿ ೭೭ ವರ್ಷ ಎದುರುಬದುರಾಗಿ ನಿಂತಿದ್ದ ಎರಡು ಆಡಳಿತಗಳು ಅಂದು ಒಂದಾದುವು. ೧೯೫೬ರ ನವೆಂಬರ್ ೧ರಂದು ಕಲಬುರಗಿ, ಬೀದರ, ರಾಯಚೂರು ಸೀಮೆಗಳು ಮೈಸೂರು ರಾಜ್ಯಕ್ಕೆ ಸೇರಿದಾಗ ಅಲ್ಲಿಯ ಬಸ್ಸುಗಳ ಒಡೆತನವೂ ಬದಲಾಯಿತು. ೧೯೬೧ರಲ್ಲಿ ಮೈಸೂರು ರಾಜ್ಯ ರಸ್ತೆ ಸಾರಿಗೆ ನಿಗಮ, ೧೯೭೩ರಲ್ಲಿ ಹೆಸರು ಬದಲಾಗಿ ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮ, ೨೦೦೦ದಲ್ಲಿ ಕಲಬುರಗಿಯೇ ಕೇಂದ್ರವಾದ ಈಶಾನ್ಯ ಕರ್ನಾಟಕ ರಸ್ತೆ ಸಾರಿಗೆ ನಿಗಮ, ೨೦೨೧ರಲ್ಲಿ ಅದಕ್ಕೆ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮವೆಂಬ ಹೆಸರು, ಹೀಗೆ ಅದರ ವಂಶಾವಳಿ ಸಾಗುತ್ತದೆ. ರೈಲಿನ ಕಥೆ ಬೇರೆ. ೧೯೬೬ರಲ್ಲಿ ದಕ್ಷಿಣ ಮಧ್ಯ ರೈಲ್ವೆ ಹುಟ್ಟಿದಾಗ ಸೊಲ್ಲಾಪುರ ವಿಭಾಗ ಅದಕ್ಕೆ ಸೇರಿ, ೧೯೭೭ರಲ್ಲಿ ಮರಳಿ ಮಧ್ಯ ರೈಲ್ವೆಗೆ ಬಂದಿತು. ಕಲಬುರಗಿ ನಿಲ್ದಾಣವೂ ಅದರೊಡನೆ ಹೋಗಿಬಂದಿತು. ಕಲಬುರಗಿಯ ಬಸ್ಸಿಗೆ ಕಲಬುರಗಿಯೇ ಕೇಂದ್ರಸ್ಥಾನವಾಗಿರಲು, ಕಲಬುರಗಿಯ ರೈಲಿಗೆ ಇಂದಿಗೂ ಮುಂಬಯಿ ಕೇಂದ್ರಸ್ಥಾನ. ೧೮೭೧ರ ಹಳಿಯ ಹುಟ್ಟುಗುಣ ಇಷ್ಟು ದೀರ್ಘಕಾಲ ಉಳಿದುಬಂದಿರುವುದು ಗಮನಾರ್ಹ.

ಈ ವಂಶಾವಳಿಯನ್ನೆಲ್ಲ ಎರಡು ಅಕ್ಷರಗಳಲ್ಲಿ ಓದಬಹುದು. ಹೈದರಾಬಾದಿನ ಕಡೆಯಿಂದ ಬರುವ ಸರಕಾರಿ ಬಸ್ಸುಗಳ ನೋಂದಣಿಯ ಸಂಖ್ಯೆಯಲ್ಲಿ ‘ಜೆಡ್’ ಎಂಬ ಆಂಗ್ಲ ಅಕ್ಷರವಿರುತ್ತದೆ. ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ಬಸ್ಸುಗಳಿಗೆ ತಮ್ಮ ತಾಯಿ ಜಹ್ರಾ ಬೇಗಮರ ಹೆಸರಿಡಲು ಬಯಸಿದರೆಂದೂ, ಆಕೆಯ ಹೆಸರಿನ ಮೊದಲಕ್ಷರವನ್ನು ಸೇರಿಸಿ ಅದನ್ನು ನೆರವೇರಿಸಲಾಯಿತೆಂದೂ ಅಲ್ಲಿಯ ಐತಿಹ್ಯ. ಕರ್ನಾಟಕದ ನಿಗಮಗಳ ಬಸ್ಸುಗಳಲ್ಲಿ ಸಾಮಾನ್ಯವಾಗಿ ‘ಎಫ್’ ಎಂಬ ಅಕ್ಷರ. ಒಂದೇ ರೈಲು ಇಲಾಖೆಯ ಮಕ್ಕಳಾದ ಬಸ್ಸುಗಳು ೧೯೫೬ರಲ್ಲಿ ಬೇರೆ ಬೇರೆ ಮನೆ ಸೇರಿದ ವೃತ್ತಾಂತ ಕಲಬುರಗಿ, ಬೀದರಗಳ ಬಸ್‌ನಿಲ್ದಾಣಗಳಲ್ಲಿ ಅಕ್ಕಪಕ್ಕದಲ್ಲಿ ನಿಂತ ಎರಡು ಬಸ್ಸುಗಳ ಹಣೆಯ ಮೇಲೆ ಬರೆದಿದೆ.

೬

ಭಾಷೆಯ ಅಭ್ಯಾಸಿಗಳಿಗೆ ಇಲ್ಲಿ ಮತ್ತೊಂದು ಕುತೂಹಲದ ವಿಷಯವಿದೆ. ಹೊಸ ವಾಹನವನ್ನು ಕಂಡು ಒಂದೊಂದು ಭಾಷೆಯೂ ಅದರ ಒಂದೊಂದು ಗುಣವನ್ನು ಹಿಡಿದು ಹೆಸರಿಟ್ಟಿತು. ಮರಾಠಿಯು ಅದರ ಬೆಂಕಿಯನ್ನು ಕಂಡು ‘ಆಗಗಾಡಿ’ ಎಂದಿತು. ತೆಲುಗು ‘ಪೊಗಬಂಡಿ’ ಎಂದೂ ತಮಿಳು ‘ಪುಗೈವಂಡಿ’ ಎಂದೂ ಹೊಗೆಯನ್ನು ಹಿಡಿದುವು. ಕನ್ನಡವು ಹೊಗೆಯನ್ನೂ ಉಗಿಯನ್ನೂ ಹಿಡಿದು ‘ಹೊಗೆಬಂಡಿ’, ‘ಉಗಿಬಂಡಿ’ ಎಂಬ ಎರಡು ಮಾತುಗಳನ್ನು ಕಟ್ಟಿತು, ಪಂಡಿತರು ‘ಧೂಮಶಕಟ’ವೆಂದರು. ಹಿಂದುಸ್ತಾನಿ ಮಾತ್ರ ಹಳಿಗೇ ಆಂಗ್ಲರಿಟ್ಟ ಹೆಸರನ್ನು ಎತ್ತಿಕೊಂಡು ‘ರೇಲ್‌ಗಾಡಿ’ ಎಂದಿತು. ಕಲಬುರಗಿ ಇವುಗಳಲ್ಲಿ ತಮಿಳನ್ನುಳಿದ ನಾಲ್ಕು ಭಾಷೆಗಳ ಸೀಮೆ ಕೂಡುವ ಕಡೆ. ಮರಾಠಿಯಲ್ಲಿಯೂ ಹಿಂದುಸ್ತಾನಿಯಲ್ಲಿಯೂ ಸಮಾನವಾದ ‘ಗಾಡಿ’ ಎಂಬ ಮಾತು ಅಲ್ಲಿಯ ಕನ್ನಡದಲ್ಲಿ ರೈಲಿಗೂ ಬಸ್ಸಿಗೂ ಸಲ್ಲುವಂತಾದುದು ಸಹಜವೇ ಆಗಿದೆ.

ಆಂಗ್ಲದಿಂದ ಬಂದ ಮಾತುಗಳು ಕನ್ನಡದ ಬಾಯಿಗೆ ಹೊಂದಿಕೊಂಡ ರೀತಿಯೂ ನೋಡತಕ್ಕದ್ದು. ಪದದ ಮೊದಲಲ್ಲಿ ಸಕಾರದ ಒತ್ತಕ್ಷರ ಬಂದರೆ ಆಡುಮಾತು ಎರಡು ಉಪಾಯಗಳನ್ನು ಹೂಡುತ್ತದೆ: ಮುಂದೊಂದು ಸ್ವರವನ್ನು ಸೇರಿಸಿ ‘ಇಸ್ಕೂಲು’ ಎನ್ನುವುದು, ಇಲ್ಲವೆ ಸಕಾರವನ್ನೇ ಕಳೆದು ‘ಟೇಶನ್’ ಎನ್ನುವುದು. ಕೊನೆಯ ವ್ಯಂಜನಕ್ಕೆ ಉಕಾರ ಸೇರಿ ‘ರೈಲು’, ‘ಬಸ್ಸು’, ‘ಟಿಕೀಟು’, ‘ಮೋಟಾರು’ ಆಗುವುದು ಗ್ರಂಥಸ್ಥ ಭಾಷೆಯಲ್ಲಿಯೂ ನೆಲೆನಿಂತಿದೆ. ‘ಸವಾರಿ’ ಎಂಬ ಮಾತಿನ ಗತಿ ಇನ್ನೂ ಸ್ವಾರಸ್ಯವಾದುದು. ಮೈಸೂರಿನಲ್ಲಿ ಅದು ಆನೆಯ ಮೇಲಿನ ಅರಸನ ಮೆರವಣಿಗೆ. ಉರ್ದುವಿನಲ್ಲಿ ಅದು ವಾಹನವೇರಿದ ಯಾವನೇ ಪ್ರಯಾಣಿಕನಿಗೂ ಸಲ್ಲುವ ಮಾತು. ಒಂದೇ ಪದ ಒಂದು ನಾಡಿನಲ್ಲಿ ದಸರೆಯ ಅಂಬಾರಿಯನ್ನೂ ಇನ್ನೊಂದು ನಾಡಿನಲ್ಲಿ ಬಾಡಿಗೆ ಕೊಟ್ಟು ಕುಳಿತ ರೈತನನ್ನೂ ಸೂಚಿಸಿತು. ಇನ್ನು ‘ಹಳಿ ತಪ್ಪಿತು’, ‘ಹಳಿಗೆ ಬಂದಿತು’ ಎಂಬ ನುಡಿಗಟ್ಟುಗಳು ರೈಲನ್ನು ಎಂದೂ ನೆನೆಯದೆ ರಾಜಕೀಯ, ಸಂಸಾರ, ಪಾಠಪ್ರವಚನಗಳ ವಿಷಯದಲ್ಲಿಯೂ ಬಳಕೆಯಾಗುತ್ತಿವೆ.

೭

ಈಗ ಕಮಲಾಪುರದ ಕಡೆಗೆ ತಿರುಗಬಹುದು. ನೈರುತ್ಯಕ್ಕೆ ಕಲಬುರಗಿಯ ರೈಲು. ಈಶಾನ್ಯಕ್ಕೆ ಸೊಲ್ಲಾಪುರ–ಹೈದರಾಬಾದು ಹೆದ್ದಾರಿ ಹಾಯುವ ಹುಮನಾಬಾದು. ಇವೆರಡರ ನಡುವಿನ ರಸ್ತೆಯ ಮೇಲೆ ಈ ಊರು. ನಿಜಾಮರ ಕಾಲದಲ್ಲಿಯೇ ಬೀದರಿಗೆ ವಿಕಾರಾಬಾದಿನ ಮೂಲಕ ರೈಲು ಬಂದಿತು. ಆದರೆ ಅದು ಹೈದರಾಬಾದಿನ ಕಡೆಗೆ ಮುಖಮಾಡಿದ ರೈಲು. ಬೀದರದಿಂದ ಕಲಬುರಗಿಗೆ ರೈಲಿನಲ್ಲಿಯೇ ಹೋಗುವೆನೆಂದವನು ವಿಕಾರಾಬಾದಿಗೆ ಹೋಗಿ, ತಾಂಡೂರಿನ ಮೇಲೆ ವಾಡಿಗೆ ಬಂದು, ಅಲ್ಲಿಂದ ಮತ್ತೆ ಕಲಬುರಗಿಯ ದಾರಿ ಹಿಡಿಯಬೇಕಾಗಿದ್ದಿತು. ನೇರದಾರಿಯ ಸುಮಾರು ಎರಡರಷ್ಟು ಸುತ್ತು. ನೇರದಾರಿ ಎಂದರೆ ಹುಮನಾಬಾದು–ಕಮಲಾಪುರಗಳ ರಸ್ತೆ. ಆದಕಾರಣ ಎರಡು ಜಿಲ್ಲೆಗಳ ಕೋರ್ಟು ಕಚೇರಿ, ಶಾಲೆ ಕಾಲೇಜು, ಸಂತೆ ಜಾತ್ರೆಗಳಿಗೆ ಹೋಗಿಬರುವವರ ಭಾರವನ್ನೆಲ್ಲ ಹೊತ್ತುದು ಬಸ್ಸೇ. ಶರಣಬಸವೇಶ್ವರರ ಜಾತ್ರೆಗೂ ಬಂದೇ ನವಾಜರ ಉರುಸಿಗೂ ಈ ಕಡೆಯ ಹಳ್ಳಿಗಳ ಜನ ರಸ್ತೆಯಿಂದಲೇ ಬರಬೇಕಾಗಿದ್ದಿತು. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದಿರುವ ಇಲ್ಲಿಯ ಕೆಂಪು ಬಾಳೆಯ ಗೊನೆಗಳಿಗೂ ಪೇಟೆಯ ದಾರಿ ರಸ್ತೆಯೇ.

ಇಪ್ಪತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಮಂಜೂರಾದ ಬೀದರ–ಕಲಬುರಗಿ ರೈಲುದಾರಿ, ಕಮಲಾಪುರದ ಕಡೆಯ ಗುಡ್ಡವನ್ನು ಸುರಂಗದಿಂದ ಕೊರೆದು, ಸುಮಾರು ೧೧೦ ಕಿಲೋಮೀಟರು ಉದ್ದಕ್ಕೆ ಪೂರ್ಣಗೊಂಡು ೨೦೧೭ರ ಅಕ್ಟೋಬರ್ ೨೯ರಂದು ಉದ್ಘಾಟನೆಯಾಯಿತು. ಮರುವರ್ಷವೇ ಕಮಲಾಪುರ ತಾಲೂಕಿನ ಕೇಂದ್ರವೂ ಆಯಿತು. ಮುಂಬಯಿ–ಮದರಾಸುಗಳನ್ನು ಕೂಡಿಸಿದ ಹಳಿಗೂ ಬೀದರ–ಕಲಬುರಗಿಗಳನ್ನು ಕೂಡಿಸಿದ ಹಳಿಗೂ ಇರುವ ಭೇದ ಕೇವಲ ವರ್ಷಗಳದ್ದಲ್ಲ. ಮೊದಲನೆಯದು ಬಂದರುಗಳ ನಡುವಿನ ದಾರಿ. ಎರಡನೆಯದು ನೆರೆಹೊರೆಯ ದಾರಿ. ಎರಡನೆಯ ಬಗೆಯ ಹಳಿಯನ್ನು ಹಾಕುವುದಕ್ಕೆ ಬೇಕಾದ ನಡೆದಾಟವನ್ನು ಅಷ್ಟು ವರ್ಷ ಜೀವಂತವಾಗಿಟ್ಟುದು ಬಸ್ಸು. ಹೆಲ್‌ಸ್ಟನ್ನಿನಲ್ಲಿ ರೈಲಿಗೆ ಬದಲಾಗಿ ಬಸ್ಸು ಬಂದಿತು. ಕಮಲಾಪುರದಲ್ಲಿ ಬಸ್ಸು ಸವೆಸಿದ ಜಾಡಿನ ಬಳಿಯಲ್ಲಿ ರೈಲು ಬಂದಿತು.

ಈ ಚರಿತ್ರೆಯ ಆಧಾರಗಳಾದರೋ ಶಾಸನಗಳಂತೆ ಕಲ್ಲಿನ ಮೇಲಿಲ್ಲ. ಇಂಗ್ಲೆಂಡಿನ ನಿಲ್ದಾಣಾಧಿಕಾರಿ ಥಾಮಸ್ ಎಡ್ಮಂಡ್‌ಸನ್ ಎಂಬಾತ ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ರೂಪಿಸಿದ, ಹೆಬ್ಬೆರಳಿನಷ್ಟು ಅಗಲದ ದಪ್ಪ ರಟ್ಟಿನ ಟಿಕೀಟು ಭಾರತದ ರೈಲುಗಳಲ್ಲಿಯೂ ಒಂದು ಶತಮಾನಕ್ಕೂ ಮಿಕ್ಕಿ ನಡೆಯಿತು. ಅದು ಪೆಟ್ಟಿಗೆಯ ಮೂಲೆಯಲ್ಲಿ ಬಿದ್ದಿದ್ದರೂ ಅಕ್ಷರ ಅಳಿಸುತ್ತಿರಲಿಲ್ಲ. ಬಸ್ಸಿನ ತೆಳುಕಾಗದದ ಚೀಟಿಗೂ ಪುಸ್ತಕದ ನಡುವೆ ಸೇರಿದರೆ ಆಯುಸ್ಸು ಇದ್ದಿತು. ಈಗ ನಿರ್ವಾಹಕನ ಕೈಯಲ್ಲಿರುವ ಯಂತ್ರವು ಶಾಖದಿಂದ ಅಚ್ಚು ಹಾಕುವ ಚೀಟಿ ಕೆಲವು ತಿಂಗಳುಗಳಲ್ಲಿಯೇ ಬಿಳಿಯ ಕಾಗದವಾಗುತ್ತದೆ. ತಾಳೆಗರಿ ನಾಲ್ಕು ಶತಮಾನ ಉಳಿದ ನಾಡಿನಲ್ಲಿ ಟಿಕೀಟು ನಾಲ್ಕು ಋತು ಉಳಿಯುವುದಿಲ್ಲ. ೧೯೫೧ಕ್ಕೆ ಮುಂಚಿನ ರೈಲು ಇಲಾಖೆಯ ಬಸ್ಸನ್ನು ಏರಿದ ನೆನಪುಳ್ಳವರು ಈಗ ಎಂಬತ್ತರ ಆಚೆಗಿನ ವೃದ್ಧರು. ಅವರ ಮಾತೂ ಅಂಥದೇ ಕಾಗದ.

ಗ್ರಾಮದೇವತೆಯ ಹಾಡನ್ನೂ ಗಾದೆಯನ್ನೂ ಸಂಗ್ರಹಿಸುವುದು ಪಾಂಡಿತ್ಯಕ್ಕೆ ತಕ್ಕ ಕೆಲಸವೆಂದು ಒಪ್ಪಿಗೆ ದೊರೆಯಲು ಕಾಲ ಹಿಡಿಯಿತು. ಹಳೆಯ ವೇಳಾಪಟ್ಟಿ, ರಟ್ಟಿನ ಟಿಕೀಟು, ಬಸ್ಸಿನ ಫಲಕ, ನಿವೃತ್ತ ನಿರ್ವಾಹಕರ ಮತ್ತು ನಿಲ್ದಾಣದ ನೌಕರರ ನುಡಿ, ‘ರೋಡ್’ ನಿಲ್ದಾಣಗಳಲ್ಲಿ ಇಳಿದು ನಡೆದವರ ನೆನಪು, ಇವುಗಳಿಗೂ ಆ ಒಪ್ಪಿಗೆ ಸಲ್ಲಬೇಕಾಗಿದೆ. ಈ ಸೀಮೆಯ ಒಂದೊಂದು ಪ್ರೌಢಶಾಲೆಯ ಕನ್ನಡ ಉಪಾಧ್ಯಾಯರು ತಮ್ಮ ವಿದ್ಯಾರ್ಥಿಗಳಿಂದ ಅವರವರ ಮನೆಯ ಹಿರಿಯರು ಮೊದಲು ಏರಿದ ವಾಹನದ ವೃತ್ತಾಂತವನ್ನು, ಹಿರಿಯರು ಆಡಿದ ಮಾತಿನಲ್ಲಿಯೇ, ಬರೆಯಿಸಿ ಇಟ್ಟರೂ ಸಾಕು. ಕಲಬುರಗಿಯ ಕನ್ನಡದ ಒಂದು ಪದಕೋಶಕ್ಕೆ ಸಾಮಗ್ರಿ ದೊರೆಯುವುದು. ರಾಜರ, ಕಂಪನಿಗಳ, ಇಲಾಖೆಗಳ ಚರಿತ್ರೆಯಲ್ಲಿ ಕಾಣದೆ ಉಳಿದ ಪ್ರಯಾಣಿಕನಿಗೂ ಒಂದು ಸ್ಥಳ ದೊರೆಯುವುದು.